ಮನೆಯ ಮೂರು ಕಂಪ್ಯೂಟರುಗಳಿಗೆ ಕಡಿಮೆ ಖರ್ಚಿನ ನ್ಯಾಸ್ (ನೆಟ್‌ವರ್ಕಿನ ಮೂಲಕ ಎಲ್ಲ ಕಂಪ್ಯೂಟರುಗಳೂ ಬಳಸುವ ಕಡತ ಸಂಗ್ರಹ) ಯಾವುದು?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನಿಂದ):
ಎಲ್ಲರಿಗೂ ನಮಸ್ಕಾರ. ತಂದೆಯವರು ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡ ತಾಳಮದ್ದಳೆಗಳು, ಅಡಿಕೆ ತೋಟದ ಲೆಕ್ಕಪತ್ರ, ಮನೆಯವರ ಫೋಟೋಗಳು ಎಲ್ಲ ಸೇರಿ ಸುಮಾರು 700 ಜಿಬಿ ಕಡತಗಳು ಮೂರು ಕಂಪ್ಯೂಟರುಗಳಲ್ಲಿ ಹಂಚಿಹೋಗಿವೆ. ಅವನ್ನು ಒಂದೆಡೆ ಇಟ್ಟು ಯಾವ ಕೋಣೆಯಿಂದಲಾದರೂ ತೆರೆಯುವಂತಾಗಬೇಕು. ಎರಡು ಡಿಸ್ಕ್ ಹಾಕುವ ಸಿದ್ಧ ನ್ಯಾಸ್ ಪೆಟ್ಟಿಗೆಗೆ ಡಿಸ್ಕುಗಳ ಬೆಲೆಯೂ ಸೇರಿದರೆ ನಮ್ಮ ಕೈಗೆಟುಕುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಳ್ಳುವುದು ಒಳ್ಳೆಯದೇ, ಅಥವಾ ಅಟ್ಟದ ಮೇಲಿರುವ ಹಳೆಯ ಡೆಸ್ಕ್‌ಟಾಪನ್ನೇ ಇಳಿಸಲೇ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ ಎಂಬುದನ್ನೂ ಗಮನದಲ್ಲಿಟ್ಟು ದಯವಿಟ್ಟು ತಿಳಿಸಿ.

ಉತ್ತರ 1 (ಸಾಗರದಿಂದ):
ಪೈ ಕೊಳ್ಳುವುದಾದರೆ 2019ರಲ್ಲಿ ಬಂದ ಪೈ 4 ಅಥವಾ ಅದರ ನಂತರದ್ದನ್ನೇ ಕೊಳ್ಳಿ. ಪೈ 3 ಬಿಯಲ್ಲಿ ನೆಟ್‌ವರ್ಕಿನ ವೇಗ 100 ಮೆಗಾಬಿಟ್‌ಗೆ ಸೀಮಿತವಾಗಿದ್ದು, ಸೆಕೆಂಡಿಗೆ ಹನ್ನೊಂದು ಎಂಬಿಯಂತೆ ನಿಮ್ಮ 700 ಜಿಬಿ ನಕಲಾಗಲು ಹದಿನೇಳು ಗಂಟೆಗೂ ಹೆಚ್ಚು ಬೇಕು. ಪೈ 4ರಲ್ಲಿ ಗಿಗಾಬಿಟ್ ಈಥರ್ನೆಟ್ ಮತ್ತು ಯುಎಸ್‌ಬಿ 3.0 ಇರುವುದರಿಂದ, ಡಿಸ್ಕು ಚೆನ್ನಾಗಿದ್ದು ಎರಡೂ ಕಡೆ ಕೇಬಲ್ ಹಾಕಿದರೆ, ಅದೇ ಕೆಲಸ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ವಿಂಡೋಸ್ ಯಂತ್ರಗಳಿಗೆ ಪೈಗೆ ಜೋಡಿಸಿದ ಡಿಸ್ಕು ಸಾಮಾನ್ಯ ಫೋಲ್ಡರಿನಂತೆಯೇ ಕಾಣುತ್ತದೆ. ಒಂದು ಎಚ್ಚರಿಕೆ: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟುಗಳಿಗೆ ಒಟ್ಟು ಸಿಗುವುದು 1.2 ಆಂಪಿಯರ್ ಮಾತ್ರ. ನಾನು ಎರಡು ಪೋರ್ಟಬಲ್ ಡಿಸ್ಕುಗಳನ್ನು ನೇರವಾಗಿ ಚುಚ್ಚಿದ್ದಾಗ, ನಕಲು ನಡೆಯುತ್ತಿದ್ದಂತೆಯೇ ಒಂದು ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ಕಾಣೆಯಾಗುತ್ತಿತ್ತು. ಸ್ವಂತ ಅಡಾಪ್ಟರ್ ಇರುವ ಹಬ್ ತಂದ ಮೇಲೆ ಆ ತೊಂದರೆ ನಿಂತಿತು.

ಉತ್ತರ 2 (ಶಿವಮೊಗ್ಗದಿಂದ):
ಕರೆಂಟಿನ ಸ್ಥಿತಿ ನೀವು ಹೇಳಿದಂತಿದ್ದರೆ ನನ್ನ ಮತ ಹಳೆಯ ಲ್ಯಾಪ್‌ಟಾಪಿಗೆ. ಅದರ ಬ್ಯಾಟರಿಯೇ ಯುಪಿಎಸ್‌ನ ಕೆಲಸ ಮಾಡುತ್ತದೆ, ಡೆಸ್ಕ್‌ಟಾಪಿಗಿಂತ ಕಡಿಮೆ ವಿದ್ಯುತ್ತು ಸಾಕು, ಓಪನ್‌ಮೀಡಿಯಾವಾಲ್ಟ್ ಅದರಲ್ಲಿಯೂ ನಡೆಯುತ್ತದೆ. ಸದಾ ಚಾರ್ಜಿನಲ್ಲಿರುವ ಬ್ಯಾಟರಿ ಉಬ್ಬಬಹುದು. ತಿಂಗಳಿಗೊಮ್ಮೆ ತಿರುವಿ ನೋಡಿ. ಡಿಸ್ಕನ್ನು ಇಎಕ್ಸ್‌ಟಿ4 ಎಂಬ ಲಿನಕ್ಸ್ ಕಡತವ್ಯವಸ್ಥೆಗೆ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ರೀತಿಗೆ) ಫಾರ್ಮ್ಯಾಟ್ ಮಾಡಿದರೆ ಕರೆಂಟು ಹೋದಾಗ ಆ ವ್ಯವಸ್ಥೆ ಕೆಡುವ ಸಂಭವ ಕಡಿಮೆ, ಆದರೆ ಆ ಗಳಿಗೆಯಲ್ಲಿ ಬರೆಯುತ್ತಿದ್ದ ಕಡತ ಹೋಗಬಹುದು.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಎರಡು ಡಿಸ್ಕುಗಳನ್ನು ರೈಡ್ 1ರಲ್ಲಿ (ಎರಡರಲ್ಲೂ ಸದಾ ಒಂದೇ ಪ್ರತಿ ಇರುವಂತೆ) ಜೋಡಿಸಿದರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ ನಿಜ, ಆದರೆ ಕೈತಪ್ಪಿ ಅಳಿಸಿದ ಕಡತ ಎರಡರಿಂದಲೂ ಅಳಿದುಹೋಗುತ್ತದೆ, ಮುಂಗಾರಿಗೆ ಮೊದಲಿನ ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಡಬಹುದು. ಆದ್ದರಿಂದ ಎರಡನೆಯ ಡಿಸ್ಕನ್ನು ಪ್ರತ್ಯೇಕವಾಗಿಟ್ಟು, ವಾರಕ್ಕೊಮ್ಮೆ ನಕಲು ಮಾಡಿ, ಪ್ಲಗ್ ಕಿತ್ತು, ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಯಲ್ಲಿಡಿ. ತಂದೆಯವರ ಧ್ವನಿಮುದ್ರಣಗಳನ್ನು ಮತ್ತೆ ಎಲ್ಲಿಂದಲೂ ತರಲಾಗದು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ತಮ್ಮನ ಹಳೆಯ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಬ್ಯಾಟರಿ ನಲವತ್ತು ನಿಮಿಷ ನಿಂತಿತು, ಯುಎಸ್‌ಬಿ 3.0ರ ನೀಲಿ ಪೋರ್ಟುಗಳು ಎರಡಿವೆ. ಡಿಸ್ಕುಗಳಿಗೆ ಮಾತ್ರ ಹಣ ಹಾಕುತ್ತೇನೆ. ಎರಡನೆಯದು ಅಕ್ಕನ ಜೊತೆ ಶಿವಮೊಗ್ಗಕ್ಕೆ ಹೋಗುತ್ತದೆ.