ಮಾಲ್ ಮೆನಿಂಗಾ ತರಬೇತುದಾರರಾಗಿಯೂ ದೊಡ್ಡವರೇ?

ಪ್ರಶ್ನೆ:
ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರರಾಗಿ ಮೆನಿಂಗಾ ಅವರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ 1997ರಿಂದ 2001ರವರೆಗೆ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್‌ಗೆ ತರಬೇತುದಾರರಾಗಿದ್ದು ಒಂದು ಪ್ರಶಸ್ತಿಯನ್ನೂ ಗಳಿಸದವರು, 2006ರಿಂದ 2015ರವರೆಗೆ ಕ್ವೀನ್ಸ್‌ಲ್ಯಾಂಡ್ ತಂಡಕ್ಕೆ ಸ್ಟೇಟ್ ಆಫ್ ಒರಿಜಿನ್‌ನ (ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯ ತಂಡಗಳು ಪ್ರತಿವರ್ಷ ಸೆಣಸುವ ಸ್ಪರ್ಧೆ) ಹತ್ತು ಸರಣಿಗಳಲ್ಲಿ ಒಂಬತ್ತನ್ನು ಗೆದ್ದುಕೊಟ್ಟರು. ಸ್ಮಿತ್, ಥರ್ಸ್ಟನ್, ಸ್ಲೇಟರ್ ಅವರಂಥವರು ಕೈಯಲ್ಲಿದ್ದರೆ ಯಾರಾದರೂ ಗೆಲ್ಲುತ್ತಿದ್ದರಲ್ಲವೇ?

ಉತ್ತರ 1:
ಯಾರಾದರೂ ಗೆಲ್ಲುತ್ತಿದ್ದರು ಎಂಬ ಮಾತನ್ನು ದಾಖಲೆ ಒಪ್ಪುವುದಿಲ್ಲ. ಕ್ಯಾಮರನ್ ಸ್ಮಿತ್ 2003ರಲ್ಲಿ, ಬಿಲ್ಲಿ ಸ್ಲೇಟರ್ 2004ರಲ್ಲಿ, ಜೊನಾಥನ್ ಥರ್ಸ್ಟನ್ 2005ರಲ್ಲಿ ಕ್ವೀನ್ಸ್‌ಲ್ಯಾಂಡ್ ಪರವಾಗಿ ಕಣಕ್ಕಿಳಿದರು. ಆ ಮೂರೂ ವರ್ಷ ಸರಣಿ ನ್ಯೂ ಸೌತ್ ವೇಲ್ಸ್ ಪಾಲಾಯಿತು. 2006ರಲ್ಲಿಯೂ ಮೊದಲ ಪಂದ್ಯವನ್ನು 17-16ರಿಂದ ಸೋತ ತಂಡ, ಮೆಲ್ಬರ್ನ್‌ನ ನಿರ್ಣಾಯಕ ಪಂದ್ಯವನ್ನು 16-14ರಿಂದ ಗೆದ್ದದ್ದು ಎದುರಾಳಿಗಳ ಕೈತಪ್ಪಿದ ಚೆಂಡನ್ನು ನಾಯಕ ಡ್ಯಾರೆನ್ ಲಾಕಿಯರ್ ಎತ್ತಿಕೊಂಡು ಓಡಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಪಡೆಯುವ ಅಂಕ) ಗಳಿಸಿದ್ದರಿಂದ. ಅದೃಷ್ಟ ಅಲ್ಲಿ ಕೈಹಿಡಿಯಿತು, ನಿಜ. ಸತತ ಎಂಟು ಸರಣಿಗಳಲ್ಲಿ ಅದೃಷ್ಟವೊಂದೇ ಕೈಹಿಡಿಯುವುದಿಲ್ಲ.

ಉತ್ತರ 2:
ಕ್ಲಬ್ ತರಬೇತಿ, ಒರಿಜಿನ್ ತರಬೇತಿ ಎರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಗಮನಿಸಬೇಕು. ಕ್ಲಬ್ ತರಬೇತುದಾರನು ವೇತನ ಮಿತಿಯೊಳಗೆ ಆಟಗಾರರನ್ನು ಹೊಂದಿಸಿ, ಗಾಯಗಳನ್ನು ನಿಭಾಯಿಸಿ, ತಿಂಗಳುಗಟ್ಟಲೆ ವಾರವಾರವೂ ತಂಡವನ್ನು ಸಜ್ಜುಗೊಳಿಸಬೇಕು. ಒರಿಜಿನ್ ವರ್ಷಕ್ಕೆ ಮೂರೇ ಪಂದ್ಯಗಳ ಸರಣಿ. ವರ್ಷವಿಡೀ ಬೇರೆ ಬೇರೆ ಕ್ಲಬ್‌ಗಳಲ್ಲಿ ಪರಸ್ಪರ ಸೆಣಸುವವರನ್ನು ಕೆಲವೇ ದಿನಗಳ ಶಿಬಿರದಲ್ಲಿ ಒಂದು ತಂಡವಾಗಿಸುವುದೇ ಅಲ್ಲಿಯ ಮುಖ್ಯ ಕೆಲಸ. 1980ರ ಜುಲೈ 8ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ನಡೆದ ಮೊಟ್ಟಮೊದಲ ಒರಿಜಿನ್ ಪಂದ್ಯದಲ್ಲಿ ಏಳಕ್ಕೆ ಏಳು ಗೋಲು ಒದ್ದ ಮೆನಿಂಗಾ, ಕ್ವೀನ್ಸ್‌ಲ್ಯಾಂಡ್ ಅಂಗಿಯ ಬೆಲೆಯನ್ನು ಆಟಗಾರರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಪ್ರಶ್ನೆ ಕೇಳಿದವರು:
2003-05ರ ಸೋಲುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೂ ಆಸ್ಟ್ರೇಲಿಯಾ ತಂಡದ ತರಬೇತುದಾರರಾಗಿ ಗೆದ್ದ ಎರಡು ವಿಶ್ವಕಪ್‌ಗಳನ್ನು ಅದೇ ತೂಕದಲ್ಲಿ ಎಣಿಸಬಹುದೇ?

ಉತ್ತರ 1:
ಅಷ್ಟು ತೂಕ ಕೊಡಲಾರೆ, ಆ ತಂಡ ಯಾವಾಗಲೂ ಬಲಿಷ್ಠವೇ. 2023ರಲ್ಲಿ ಅದೇ ತಂಡ ನ್ಯೂಜಿಲೆಂಡ್ ಎದುರು 30-0ರಿಂದ ಸೋತದ್ದೂ ಅವರ ಕಾಲದಲ್ಲೇ. ನಿಮ್ಮ ಮೂಲ ಸಂದೇಹಕ್ಕೆ ಪರೀಕ್ಷೆಯಾಗುವುದು ಪರ್ತ್ ಬೇರ್ಸ್‌ನಲ್ಲಿ: 2027ರಲ್ಲಿ ಆಸ್ಟ್ರೇಲಿಯಾದ ಕ್ಲಬ್ ಲೀಗ್ ಪ್ರವೇಶಿಸಲಿರುವ ಆ ಹೊಸ ಕ್ಲಬ್‌ನ ಮೊದಲ ತರಬೇತುದಾರರಾಗಿ ನೇಮಕಗೊಂಡಿರುವವರು ಮೆನಿಂಗಾ ಅವರೇ.