ದೂರದ ಗುರಿಗೆ ಸ್ಕೋಪ್: ಹೆಚ್ಚಿನ ದುಡ್ಡು ಯಾವುದಕ್ಕೆ ಕೊಡಬೇಕು?

ಹೊಸಗುರಿ:
ರೈಫಲ್ .308 ಬೋಲ್ಟ್ ಆ್ಯಕ್ಷನ್. ಕಾಗದ ಮತ್ತು ಉಕ್ಕಿನ ಗುರಿಗಳಿಗೆ ಮಾತ್ರ, 300ರಿಂದ 1000 ಮೀಟರ್. 1 ಇಂಚು ಟ್ಯೂಬಿನ 6-24x50 (ಜೂಮ್ 6ರಿಂದ 24 ಪಟ್ಟು, ಮುಂದಿನ ಲೆನ್ಸ್ 50 ಎಂಎಂ) ಸ್ಕೋಪ್ ಒಂದು ಅಗ್ಗಕ್ಕೆ ಸಿಗ್ತಿದೆ, ಸೆಕೆಂಡ್ ಫೋಕಲ್ ಪ್ಲೇನ್ (ಜೂಮ್ ಬದಲಾದ್ರೂ ರೆಟಿಕಲ್, ಅಂದ್ರೆ ಒಳಗೆ ಕಾಣೋ ಗುರಿಗೆರೆಗಳು, ಅಷ್ಟೇ ಗಾತ್ರ), ಒಟ್ಟು ಎಲಿವೇಶನ್ (ಮೇಲೆ-ಕೆಳಗೆ ಹೊಂದಿಸೋ ವ್ಯಾಪ್ತಿ) 40 ಎಂಒಎ (1 ಎಂಒಎ ಅಂದ್ರೆ ಡಿಗ್ರಿಯ 60ನೇ ಒಂದು ಭಾಗ). ಅದರ ಎರಡರಷ್ಟು ಬೆಲೆಗೆ 30 ಎಂಎಂ ಟ್ಯೂಬಿನ 4-16x50, ಫಸ್ಟ್ ಫೋಕಲ್ ಪ್ಲೇನ್ (ಜೂಮ್ ಜೊತೆ ರೆಟಿಕಲ್ಲೂ ದೊಡ್ಡದಾಗುತ್ತೆ), ಎಲಿವೇಶನ್ 24 ಮಿಲ್ (1 ಮಿಲ್ ಅಂದ್ರೆ 100 ಮೀಟರಿಗೆ 10 ಸೆಂ.ಮೀ.). ಜೂಮ್ ಕಡಿಮೆ ಇರೋದಕ್ಕೆ ಜಾಸ್ತಿ ದುಡ್ಡು ಕೊಡೋದು ಸರಿಯಾ?

ಮಿಲ್‌ಲೆಕ್ಕ:
ಸರಿ. ಜೂಮ್ ಬಿಡಿ, ಮೊದಲು ಎಲಿವೇಶನ್ ನೋಡಿ. 100 ಮೀಟರಿಗೆ ಝೀರೋ ಮಾಡಿದ (ಗುಂಡು ರೆಟಿಕಲ್ ಮಧ್ಯಕ್ಕೇ ಬೀಳುವಂತೆ ಹೊಂದಿಸಿದ) .308ರಲ್ಲಿ 175 ಗ್ರೇನ್ ತೂಕದ ಗುಂಡಿಗೆ 1000 ಮೀಟರಿನಲ್ಲಿ ಸುಮಾರು 13 ಮಿಲ್ ಏರಿಸಬೇಕು. 40 ಎಂಒಎ ಅಂದರೆ 11.6 ಮಿಲ್. ಝೀರೋ ಆದ ಮೇಲೆ ಮೇಲಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ, 5.8. ಅಂದರೆ 600 ಮೀಟರ್ ದಾಟುವಷ್ಟರಲ್ಲಿ ಟರೆಟ್ (ಏರಿಸಲು ತಿರುಗಿಸುವ ಗುಬುಟು) ತಿರುಗುವುದೇ ನಿಲ್ಲುತ್ತದೆ. 20 ಎಂಒಎ ಓರೆ ಇರುವ ಬೇಸ್ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ) ಹಾಕಿದರೂ 1000 ಮುಟ್ಟದು. ಅದೇ ಬೇಸ್ ಮೇಲೆ 24 ಮಿಲ್ ಸ್ಕೋಪ್ ಕೂರಿಸಿದರೆ 12 ಜೊತೆಗೆ 5.8, ಹತ್ತಿರ ಹತ್ತಿರ 18 ಮಿಲ್ ಕೈಯಲ್ಲಿರುತ್ತದೆ.

ಇನ್ನು 24xನಲ್ಲಿ 50 ಎಂಎಂ ಲೆನ್ಸಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ ಬರೀ 2 ಎಂಎಂ. ತಲೆ ಸ್ವಲ್ಪ ಅಲ್ಲಾಡಿದರೂ ಕಪ್ಪಾಗುತ್ತದೆ. ಬಿಸಿಲಲ್ಲಿ ನೆಲದಿಂದೇಳುವ ಝಳವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಉಕ್ಕಿನ ಗುರಿಗೆ 16x ಧಾರಾಳ.

ಗಾಳಿಮಾಪಕ:
ಸೆಕೆಂಡ್ ಫೋಕಲ್ ಅಂದ ಮಾತ್ರಕ್ಕೆ ತಳ್ಳಿಹಾಕಬೇಕಿಲ್ಲ. ಯಾವಾಗಲೂ ಪೂರ್ತಿ ಜೂಮಿನಲ್ಲೇ ಹೊಡೆಯುವವರಿಗೆ ತೊಂದರೆಯೇ ಇಲ್ಲ. ಆದರೆ 24xಗೆ ಸರಿ ಹೊಂದಿಸಿದ ರೆಟಿಕಲನ್ನು 12xಗೆ ಇಳಿಸಿದರೆ 1 ಮಿಲ್ ಗೆರೆ ನಿಜಕ್ಕೂ 2 ಮಿಲ್ ಆಗಿರುತ್ತದೆ. ಗಾಳಿಗೆ ಗೆರೆ ನೋಡಿ ಪಕ್ಕಕ್ಕೆ ಹಿಡಿಯುವವರು ಎಡವುವುದು ಇಲ್ಲೇ.

ಅದಕ್ಕಿಂತ ಕೆಟ್ಟದ್ದು ಮಿಲ್ ರೆಟಿಕಲ್ಲಿಗೆ ಒಂದು ಕ್ಲಿಕ್ಕಿಗೆ ಕಾಲು ಎಂಒಎ ಸರಿಯುವ ಟರೆಟ್. ಅಗ್ಗದ ಸ್ಕೋಪುಗಳಲ್ಲಿ ಇದು ಈಗಲೂ ಬರುತ್ತದೆ. ಗುಂಡು 1 ಮಿಲ್ ಕೆಳಗೆ ಬಿತ್ತು ಅಂತ ಕಂಡರೆ 14 ಕ್ಲಿಕ್ ಅಂತ ಲೆಕ್ಕ ಹಾಕುತ್ತಾ ಕೂರಬೇಕು. ಎರಡೂ ಮಿಲ್ ಇದ್ದರೆ 0.1ರ ಹತ್ತು ಕ್ಲಿಕ್, ಮುಗಿಯಿತು.

ಟರೆಟ್‌ಪರೀಕ್ಷೆ:
ಯಾವುದನ್ನೇ ತಗೊಳ್ಳಿ, ವಾಪಸ್ ಕೊಡುವ ಅವಧಿಯೊಳಗೆ ಟ್ರ್ಯಾಕಿಂಗ್, ಅಂದರೆ ಟರೆಟ್ ತಿರುಗಿಸಿದಷ್ಟೇ ರೆಟಿಕಲ್ ಸರಿಯುತ್ತದೆಯೇ ಎಂದು ನೋಡಿಬಿಡಿ. ಗುಂಡು ಬೇಕಿಲ್ಲ. ಬೋಲ್ಟ್ ತೆಗೆದು, ಖಾಲಿ ರೈಫಲನ್ನು ಅಲ್ಲಾಡದಂತೆ ಬಿಗಿಯಿರಿ. ಟೇಪಿನಲ್ಲಿ ಅಳೆದ 100 ಮೀಟರಿನಲ್ಲಿ ಹಲಗೆ ನಿಲ್ಲಿಸಿ. ಹೆಜ್ಜೆ ಲೆಕ್ಕ ಬೇಡ, 3 ಮೀಟರ್ ತಪ್ಪಿದರೆ ಫಲಿತಾಂಶವೇ ಶೇ. 3 ತಪ್ಪು. ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು, ಅದರಗುಂಟ ನೆಟ್ಟಗೆ 100 ಸೆಂ.ಮೀ. ಗೆರೆ ಎಳೆಯಿರಿ. ರೆಟಿಕಲ್ ಮೇಲ್ತುದಿಯಲ್ಲಿಟ್ಟು 10 ಮಿಲ್ ಏರಿಸಿ. ರೆಟಿಕಲ್ ಇಳಿದು ಸರಿಯಾಗಿ ಕೆಳತುದಿಗೆ ಬರಬೇಕು. 98ಕ್ಕೇ ನಿಂತರೆ, 13 ಮಿಲ್ ಏರಿಸಿದಾಗ 1000 ಮೀಟರಿನಲ್ಲಿ 26 ಸೆಂ.ಮೀ. ಕೆಳಗೆ ಬೀಳುತ್ತದೆ. ಪ್ರತಿ ಸಲ ಅಷ್ಟೇ ತಪ್ಪಿದರೆ ಗುಂಡಿನ ಇಳಿತ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪಿನಲ್ಲಿ ಸರಿಪಡಿಸಿಕೊಳ್ಳಬಹುದು. ವಾಪಸ್ ಸೊನ್ನೆಗೆ ತಂದಾಗ ಮೇಲ್ತುದಿಗೆ ಬರದಿದ್ದರೆ ಮಾತ್ರ ಮರುಮಾತಿಲ್ಲದೆ ಹಿಂದಿರುಗಿಸಿ.

ಹೊಸಗುರಿ:
ಹಾಗಾದ್ರೆ 4-16. ಸ್ಕೋಪನ್ನು ಬೇಸಿಗೆ ಹಿಡಿದಿಡೋ ರಿಂಗ್‌ನಲ್ಲಿ ಉಳಿಸಬಹುದಾ?

ಮಿಲ್‌ಲೆಕ್ಕ:
ಬೇಡ. ಟಾರ್ಕ್ ವ್ರೆಂಚ್ (ಬಿಗಿತ ಅಳೆದು ತಿರುಗಿಸುವ ಸಾಧನ) ಕೂಡ ತಗೊಳ್ಳಿ. ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಸಾಕು, ರಿಂಗ್ ತಯಾರಕರು ಬೇರೆ ಹೇಳಿದ್ದರೆ ಅದೇ ಲೆಕ್ಕ. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಅತಿಯಾದರೆ ಟ್ಯೂಬ್ ಒತ್ತಿಕೊಂಡು ಒಳಗಿನ ಭಾಗ ಸರಾಗವಾಗಿ ಸರಿಯುವುದಿಲ್ಲ, ಒಳ್ಳೆ ಟರೆಟ್ಟೂ ತಪ್ಪು ತೋರಿಸುತ್ತದೆ.

ಬಿಗಿಯುವ ಮುಂಚೆ ಅದೇ ದಾರಕ್ಕೆ ರೆಟಿಕಲ್ ನೇರ ಮಾಡಿಕೊಳ್ಳಿ, ರೈಫಲಿಗೊಂದು ಬಬಲ್ ಲೆವೆಲ್ ಕೂರಿಸಿ. 3 ಡಿಗ್ರಿ ವಾಲಿದರೆ 13 ಮಿಲ್ ಏರಿಸಿದ ಗುಂಡು 1000 ಮೀಟರಿನಲ್ಲಿ 68 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಎಷ್ಟೋ ಜನ ಅದನ್ನು ಗಾಳಿ ಅಂದುಕೊಂಡು ವಿಂಡೇಜ್ (ಪಕ್ಕಕ್ಕೆ ಹೊಂದಿಸುವ) ಟರೆಟ್ ತಿರುಗಿಸುತ್ತಿರುತ್ತಾರೆ.