ಹಳೇ ಕ್ಯಾಂಪರ್ ಟ್ರೇಲರ್ ಒಳಗೆ ಬಣ್ಣ ಹೊಡಿಯೋದು, ಸನ್‌ಮೈಕಾ ಮೇಲೆ ಪೇಂಟ್ ನಿಲ್ಲತ್ತಾ?

ಕಾಳಿದಂಡೆ:
ಎಲ್ರಿಗೂ ನಮಸ್ಕಾರ. ನಾವಿರೋದು ಸದಾಶಿವಗಡದಲ್ಲಿ. ಕಾಣಕೋಣ ಕಡೆ ಯಾರೋ ಮಾರ್ತಾ ಇದಾರೆ ಅಂತ ಗೊತ್ತಾಗಿ ನಮ್ಮನೆಯವ್ರು ಒಂದು ಹಳೇ ಕ್ಯಾಂಪರ್ ಟ್ರೇಲರ್ ತಂದು ಹಲಸಿನ ಮರದ ಅಡಿಗೆ ನಿಲ್ಲಿಸಿದಾರೆ. ಇಂಜಿನ್ ಇಲ್ಲ, ಬೊಲೆರೋ ಹಿಂದೆ ಕಟ್ಟಿ ಎಳಿಯೋದು. ಹೊರಗೆ ಅಲ್ಯುಮಿನಿಯಂ ಶೀಟು, ಒಳಗೆ ಮರದ ಪಟ್ಟಿ ಫ್ರೇಮು, ಅದಕ್ಕೆ ತೆಳು ಪ್ಲೈವುಡ್. 10 ಅಡಿ ಉದ್ದ, 6 ಅಡಿ ಅಗಲ, ಎತ್ತರ 6 ಅಡಿ ಚಿಲ್ಲರೆ. ಪೇಪರ್ ವಿಷಯ ಎಲ್ಲ ಅವ್ರು ನೋಡ್ಕೋತಾರೆ, ಒಳಗಿಂದು ನನ್ನ ತಲೆಗೆ ಬಂದಿದೆ.

ಗೋಡೆ ಪೂರ್ತಿ ಮರದ ಗೆರೆ ಪ್ರಿಂಟ್ ಇರೋ ಕಂದು ಪೇಪರ್ ಅಂಟಿಸಿದ ಪ್ಲೈ, ಕಪಾಟಿನ ಬಾಗಿಲು ಸನ್‌ಮೈಕಾ, ಮೇಲಿನ ಸೀಲಿಂಗ್ ಯಾವಾಗ್ಲೋ ಬಿಳಿ ಇತ್ತು ಅನ್ಸತ್ತೆ ಈಗ ಬೀಡಿ ಸೇದೋರ ಹಲ್ಲಿನ ಬಣ್ಣಕ್ಕೆ ಬಂದಿದೆ. ಹಾಸಿಗೆ ಎತ್ತಿ ನೋಡಿದ್ರೆ ಹಿಂದಿನ ಗೋಡೆ ಮೇಲೆ ಕಪ್ಪು ಕಪ್ಪು ಚುಕ್ಕೆ, ಬೂಸ್ಟು. ಬಾಗಿಲು ತೆಗೆದ್ರೆ ಹಳೇ ಗೋಣಿಚೀಲದ ವಾಸನೆ.

ಪೇಂಟರ್ ಒಬ್ರು ಬಂದು ನೋಡಿ ಡಿಸ್ಟೆಂಪರ್ ಸಾಕು ಅಂದ್ರು. ಹಾರ್ಡ್‌ವೇರ್ ಅಂಗಡಿಯವ್ರು ವುಡ್ ಪ್ರೈಮರ್ ಹಾಕಿ ಮೇಲೆ ಆಯಿಲ್ ಎನಾಮಲ್ ಹೊಡೀರಿ ಅಂತಾರೆ. ನಮ್ಮ ಮೈದುನ ಸನ್‌ಮೈಕಾ ಮೇಲೆ ಎಂತ ಹೊಡೆದ್ರೂ ನಿಲ್ಲಲ್ಲ, ಕಿತ್ತು ಹಾಕಿ ಅಂತಾನೆ. ಮನೆಗೆ ಹೊಡೆದು ಉಳಿದ ಎಮಲ್ಶನ್ ಒಂದೂವರೆ ಬಕೆಟ್ ಇದೆ, ಅದನ್ನೇ ಬಳೀಲಾ? ಇನ್ನೊಂದು, ಮೊಬೈಲಲ್ಲಿ ಕಾಣೋ ಹಾಗೆ ಎಲ್ಲ ಬಿಳಿ, ಬೂದು ದಿಂಬು, ನಾಲ್ಕು ಪ್ಲಾಸ್ಟಿಕ್ ಗಿಡ, ಅದು ಬೇಡ. ನಮ್ಮ ಕಡೆದು ಅನ್ಸೋ ಹಾಗೆ ಏನಾದ್ರೂ ಆಗ್ಬೇಕು. ಮಳೆ ಮುಗಿದ ಕೂಡ್ಲೆ ಶುರು ಮಾಡೋಣ ಅಂತ ಇದೀನಿ.

ಬೈತಖೋಲ_ಬೋಟು:
ಅಕ್ಕಾ, ಬಣ್ಣದ ವಿಷಯ ಬಿಡಿ ಮೊದ್ಲು. ಆ ಬೂಸ್ಟು ಎಲ್ಲಿಂದ ಬಂತು ಅಂತ ಹುಡುಕಿ. ಎಷ್ಟು ಒಳ್ಳೇ ಪೇಂಟ್ ಹೊಡೆದ್ರೂ ಹಿಂದಿಂದ ನೀರು ಬರ್ತಾ ಇದ್ರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಸಿಪ್ಪೆ ಬಿಡತ್ತೆ, ಬೋಟಿನ ಕ್ಯಾಬಿನ್ನಲ್ಲಿ ವರ್ಷಾ ನೋಡ್ತೀವಿ ನಾವು. ಮಳೆ ಮುಗೀಲಿ ಅಂತ ಕಾಯ್ಬೇಡಿ, ಈಗ ಮಳೆ ಇರೋದೇ ಒಳ್ಳೇದು, ಒಳಗೆ ಟಾರ್ಚ್ ಹಿಡ್ಕಂಡು ಕೂತು ನೋಡಿ. ಟ್ರೇಲರಲ್ಲಿ ನೀರು ಇಳಿಯೋದು ಮಾಡಿನ ಶೀಟು ಗೋಡೆ ಶೀಟಿಗೆ ಸೇರೋ ಮೂಲೆ, ಕಿಟಕಿ ಫ್ರೇಮಿನ ಸುತ್ತ, ಮತ್ತೆ ಹೊರಗಿನ ಸ್ಕ್ರೂ ತೂತು. ಇಳಿದ ಜಾಗದಲ್ಲೇ ಒದ್ದೆ ಕಾಣ್ಬೇಕು ಅಂತಿಲ್ಲ, ಪಟ್ಟಿ ಮೇಲೆ ಹರಿದು ಎಲ್ಲೋ ಕೆಳಗೆ ಬಂದು ಕಾಣತ್ತೆ.

ಗೋಡೆ ಪೂರ್ತಿ ಹೆಬ್ಬೆರಳಲ್ಲಿ ಒತ್ತಿ ನೋಡಿ, ಸ್ಕ್ರೂಡ್ರೈವರ್ ಹಿಡಿಕೆಯಿಂದ ಕುಟ್ಟಿ. ಗಟ್ಟಿ ಇದ್ರೆ ಟಕ್ ಟಕ್ ಅನ್ನತ್ತೆ, ಕೊಳೆತಿದ್ರೆ ಮೆತ್ತಗೆ ಡಬ್ ಅನ್ನತ್ತೆ. ಕೊಳೆತದ್ದಕ್ಕೆ ಪುಟ್ಟಿ ತುಂಬಿ ಮುಚ್ಚೋ ಕೆಲಸ ಮಾತ್ರ ಮಾಡ್ಬೇಡಿ.

ಸಂದಿಗೆ ಮೊದ್ಲೇ ಯಾರೋ ಸಿಲಿಕಾನ್ ಹೊಡೆದಿರ್ತಾರೆ, ಗ್ಯಾರಂಟಿ. ಅದರ ಮೇಲೆ ಹೊಸ ಸಿಲಿಕಾನ್ ಹಿಡಿಯಲ್ಲ, ಪೇಂಟೂ ಹಿಡಿಯಲ್ಲ. ಹಳೇದು ಪೂರ್ತಿ ಕೆರೆದು ತೆಗೀರಿ. ಕಿಟಕಿ ಫ್ರೇಮ್ ಬಿಚ್ಚಿ ಅಡಿಗೆ ಬ್ಯೂಟೈಲ್ ಟೇಪ್ (ರಬ್ಬರಿನ ಹಾಗಿರೋ ಅಂಟು ಪಟ್ಟಿ) ಕೊಟ್ಟು ಮತ್ತೆ ಕೂರಿಸಿ, ಹೊರಗಿನ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ತುಕ್ಕು ಹಿಡಿದ ಕಬ್ಬಿಣದ ಸ್ಕ್ರೂ ಎಲ್ಲ ಬಿಸಾಕಿ ಸ್ಟೇನ್‌ಲೆಸ್ ಹಾಕಿ, ತುದಿ ಸೀಲಂಟಲ್ಲಿ ಅದ್ದಿ ತಿರುಗಿಸಿ. ನಮ್ಮ ಉಪ್ಪುಗಾಳಿಗೆ ಅಲ್ಯುಮಿನಿಯಂ ಕಬ್ಬಿಣ ಒಟ್ಟಿಗೆ ಇದ್ರೆ ತೂತು ದೊಡ್ಡದಾಗ್ತಾ ಹೋಗತ್ತೆ.

ಬಣ್ಣಕ್ಕೆ ಆಯಿಲ್ ಎನಾಮಲ್ಲೇ ಸರಿ, ಬೋಟಿಗೆ ಅದೇ ಹೊಡೆಯೋದು. ಡಿಸ್ಟೆಂಪರ್ ಕೈಗೆ ಬಟ್ಟೆಗೆಲ್ಲ ಪುಡಿ ಹತ್ತತ್ತೆ, ಆ ಪೇಂಟರ್ ಟ್ರೇಲರ್ ನೋಡಿದ್ರೋ ಇಲ್ಲ ಅಂಗಳದಿಂದಲೇ ಹೇಳಿದ್ರೋ.

ಶಿರಸಿ_ಮರಗೆಲಸ:
ನೀರಿನ ವಿಷಯ ಬೋಟಣ್ಣ ಹೇಳಿದ್ದು ನೂರಕ್ಕೆ ನೂರು. ಎನಾಮಲ್ ಬಗ್ಗೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಬೋಟಿನ ಹೊರಮೈಗೆ ದಿನಾ ಬಿಸಿಲು ಬೀಳತ್ತೆ, ಟ್ರೇಲರ್ ವರ್ಷದ ಮುಕ್ಕಾಲು ಪಾಲು ಪರದೆ ಎಳ್ಕಂಡು ಬಾಗಿಲು ಹಾಕಿ ನಿಂತಿರತ್ತೆ. ಆಯಿಲ್ ಎನಾಮಲ್ ಬಿಳಿ ಬೆಳಕಿಲ್ಲದ ಜಾಗದಲ್ಲೇ ಜಾಸ್ತಿ ಹಳದಿ ಆಗೋದು, ಬೀರು ಒಳಗಿನ ಬಿಳಿ ಬಣ್ಣ ನೋಡಿದ್ರೆ ಗೊತ್ತಾಗತ್ತೆ. ಮತ್ತೆ ಆ ಸಣ್ಣ ಡಬ್ಬದೊಳಗೆ ಟರ್ಪಂಟೈನ್ ವಾಸನೆ ಕುಡೀತಾ ಕೂರೋದು ಬೇರೆ. ವಾಟರ್ ಬೇಸ್ ಎನಾಮಲ್ ಅಥವಾ ವಾಟರ್ ಬೇಸ್ ಪಿಯು ತಗಳಿ, ರೇಟು ಸ್ವಲ್ಪ ಜಾಸ್ತಿ ಆದ್ರೂ ಹಳದಿ ಆಗಲ್ಲ. ಉಳಿದ ಎಮಲ್ಶನ್ ಇದೆಯಲ್ಲ, ಅದನ್ನ ಸೀಲಿಂಗಿಗೆ ಬೇಕಾದ್ರೆ ಹೊಡೀರಿ, ಅಲ್ಲಿ ಕೈ ತಾಗಲ್ಲ. ಕಪಾಟಿಗೆ ಬೇಡ, ಉಗುರು ತಾಗಿದ್ರೆ ಗೀರು ಬೀಳತ್ತೆ.

ಈಗ ಸನ್‌ಮೈಕಾ. ನಿಮ್ಮ ಮೈದುನ ಹೇಳಿದ್ದು ಅರ್ಧ ಸರಿ. ಕೀಳೋ ಹುಚ್ಚಿಗೆ ಹೋಗ್ಬೇಡಿ, ತೆಳು ಪ್ಲೈ ಅದರ ಜೊತೆಗೇ ಎದ್ದು ಬರತ್ತೆ. ಅಂಗಡಿಯ ಬಿಳಿ ವುಡ್ ಪ್ರೈಮರ್ ಇದೆಯಲ್ಲ ಅದು ಮರ ಹೀರ್ಕೊಳ್ಳತ್ತೆ ಅನ್ನೋ ಲೆಕ್ಕದಲ್ಲಿ ಮಾಡಿದ್ದು, ಸನ್‌ಮೈಕಾ ಎಂತದ್ದೂ ಹೀರಲ್ಲ, ಹಾಗಾಗಿ ಮೇಲೆ ಸುಮ್ನೆ ಕೂತಿರತ್ತೆ, ಒಂದು ದಿನ ಹಾಳೆ ಹಾಳೆ ಎದ್ದು ಬರತ್ತೆ. ಮೊದ್ಲು ಸೋಪ್ ಪುಡಿ ನೀರಲ್ಲಿ ಎರಡು ಸಲ ತೊಳೀರಿ, ಒಲೆ ಹತ್ರ ಇರೋ ಎಣ್ಣೆ ಜಿಡ್ಡು ಹೋಗ್ಲೇ ಬೇಕು, ಜಿಡ್ಡಿನ ಮೇಲೆ ಉಜ್ಜಿದ್ರೆ ಜಿಡ್ಡನ್ನೇ ಒಳಗೆ ತಿಕ್ಕಿದ ಹಾಗಾಗತ್ತೆ. ಆಮೇಲೆ 180 ಇಲ್ಲ 220 ನಂಬರ್ ಸ್ಯಾಂಡ್ ಪೇಪರಲ್ಲಿ ಹೊಳಪು ಹೋಗಿ ಮಂಕಾಗೋವರೆಗೆ ಉಜ್ಜಿ. ಧೂಳು ಒರೆಸಿ, ಸ್ಪಿರಿಟಲ್ಲಿ ಇನ್ನೊಂದ್ಸಲ ಒರೆಸಿ, ನಂತರ ಎರಡು ಡಬ್ಬ ಬೆರೆಸೋ ಇಪಾಕ್ಸಿ ಪ್ರೈಮರ್ ತೆಳ್ಳಗೆ ಒಂದು ಕೋಟ್. ಅದಕ್ಕೆ ವಾಸನೆ ಇದೆ, ಬಾಗಿಲುಗಳನ್ನ ಬಿಚ್ಚಿ ಅಂಗಳದಲ್ಲೇ ಹೊಡೀರಿ.

ಗೋಡೆಯ ಪೇಪರ್ ಫಿನಿಶ್ ಪ್ಲೈ ಇದೆಯಲ್ಲ ಅದನ್ನ ಮಾತ್ರ ಜೋರಾಗಿ ಉಜ್ಬೇಡಿ, ಪ್ರಿಂಟ್ ಕಾಗದದಷ್ಟೇ ದಪ್ಪ, ಹರಿದು ನೂಲು ಏಳತ್ತೆ. ಕೈಯಲ್ಲೇ ಹಗುರ.

ಎಲ್ಲ ಕಡೆ ಹೊಡಿಯೋ ಮುಂಚೆ ಬಾಗಿಲಿನ ಹಿಂಬದಿ ಅಂಗೈ ಅಗಲದಲ್ಲಿ ಪ್ರೈಮರ್, ಪೇಂಟ್ ಎರಡೂ ಹೊಡೆದು ವಾರ ಬಿಟ್ಟು ಬ್ಲೇಡಲ್ಲಿ ಅಡ್ಡ ಉದ್ದ ಚೌಕ ಚೌಕ ಗೀರಿ, ಅದರ ಮೇಲೆ ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ ಚಟ್ ಅಂತ ಎಳೀರಿ. ಚೌಕ ಉಳಿದ್ರೆ ಮುಂದುವರೀರಿ, ಟೇಪಿಗೆ ಬಂದ್ರೆ ಪ್ರೈಮರ್ ಬದಲಿಸಿ. ಪೇಂಟರ್, ಅಂಗಡಿಯವ್ರು, ನಾನು, ಯಾರ ಮಾತನ್ನೂ ನಂಬೋ ಕೆಲಸ ಇಲ್ಲ.

ಹಳೇ_ದೋಣಿ:
ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ. ನಮ್ಮ ಕಾಲದಲ್ಲಿ ದೋಣಿಗೆ ಗೇರೆಣ್ಣೆ, ಅಂದ್ರೆ ಗೇರುಬೀಜದ ಸಿಪ್ಪೆ ಎಣ್ಣೆ ಬಳಿತಿದ್ರು, ಹುಳ ಇಲ್ಲ ಬೂಸ್ಟು ಇಲ್ಲ. ಒಳಗಿನ ಪಟ್ಟಿಗೆಲ್ಲ ಗೇರೆಣ್ಣೆ ಕೊಟ್ಟುಬಿಡಿ ತಂಗಿ.

ಬೈತಖೋಲ_ಬೋಟು:
ಅಜ್ಜಾ ಗೇರೆಣ್ಣೆ ದೋಣಿ ಹೊರಗೆ ಸರಿ, ಆದ್ರೆ ಅದು ಮೈಗೆ ತಾಗಿದ್ರೆ ಸುಟ್ಟು ಗುಳ್ಳೆ ಏಳತ್ತೆ ಅಂತ ನಿಮಗೇ ಗೊತ್ತಲ್ಲ. ಮಲಗೋ ಜಾಗಕ್ಕೆ ಅದು ಬೇಡ. ಮೇಲಿಂದ ಪೇಂಟ್ ಹೊಡೆದ್ರೂ ಕಪ್ಪು ಕಲೆ ಎದ್ದು ಬರತ್ತೆ.

ಹಳೇ_ದೋಣಿ:
ಅದೂ ಹೌದು ಬಿಡು. ಚಾಸಿ ಅಡಿಗಿರೋ ಹಲಗೆಗಾದ್ರೂ ಬಳೀಬಹುದು.

ಕುಮಟಾ_ಮೇಷ್ಟ್ರು:
ಯಾರೂ ಹೇಳಿಲ್ಲ ಅಂತ ಎರಡು ವಿಷಯ. ಬೂಸ್ಟು ತೆಗಿಯೋಕೆ ಬ್ಲೀಚಿಂಗ್ ಹಾಕೋದಾದ್ರೆ ಅದರ ಜೊತೆ ಟಾಯ್ಲೆಟ್ ಕ್ಲೀನರ್ ಆಗ್ಲಿ ವಿನೆಗರ್ ಆಗ್ಲಿ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಆ ಸಣ್ಣ ಜಾಗದಲ್ಲಿ ಉಸಿರು ಕಟ್ಟತ್ತೆ. ಪ್ಲೈವುಡ್ ಒಳಗೆ ಇಳಿದ ಬೂಸ್ಟಿಗೆ ಬ್ಲೀಚಿಂಗ್ ಅಷ್ಟು ಆಳಕ್ಕೆ ಹೋಗೋದೂ ಇಲ್ಲ. ಸೋಪಲ್ಲಿ ತೊಳೆದು ಬಿಸಿಲು ಗಾಳಿಗೆ ಒಣಗಿಸಿ, ಒಳಗಿನವರೆಗೂ ಕಪ್ಪಾಗಿದ್ರೆ ಪ್ಲೈ ಬದಲಿಸೋದೇ ದಾರಿ.

ಎರಡನೇದು ಸೀಸ. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ಪೇಂಟ್ ಎಲ್ಲಾದ್ರೂ ಇದ್ರೆ, ಅದ್ರಲ್ಲೂ ಹಳದಿ ಕೆಂಪು ಇದ್ರೆ, ಒಣ ಉಜ್ಬೇಡಿ, ನೀರು ಹಾಕಿ ವಾಟರ್ ಪೇಪರಲ್ಲಿ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಆ ಒರೆಸಿದ ಬಟ್ಟೆ ನೀರು ಬಾವಿ ಹತ್ರ ಚೆಲ್ಬೇಡಿ. ಮಕ್ಕಳಿದ್ರೆ ಇನ್ನೂ ಹುಷಾರು.

ಓಹ್ ಮೂರನೇದೂ ಇದೆ. ಗ್ಯಾಸ್ ಒಲೆ ಇದ್ರೆ ಕೆಳಗೆ ನೆಲದ ಹತ್ರ ಒಂದು ಜಾಲರಿ ಕಿಂಡಿ ಇರತ್ತೆ, ಚಂದ ಕಾಣಲ್ಲ ಅಂತ ಅದನ್ನ ಮುಚ್ಚಿ ಬಣ್ಣ ಹೊಡೀಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ನಿಲ್ಲತ್ತೆ, ಹೋಗೋ ದಾರಿ ಅದೇ.

ಸಿದ್ದಾಪುರ_ಕೆಮ್ಮಣ್ಣು:
ನನ್ನ ಭಾಗದ ಪ್ರಶ್ನೆ ಬಂತು ನೋಡಿ, "ನಮ್ಮ ಕಡೆದು ಅನ್ಸೋ ಹಾಗೆ". ಎರಡು ದಾರಿ ಇದೆ ಅಕ್ಕ. ನಿಮ್ಮ ಕರಾವಳಿದು ಕಾವಿ, ಕುಮಟಾ ಅಂಕೋಲಾ ಕಡೆ ಹಳೇ ದೇವಸ್ಥಾನದ ಗೋಡೇಲಿ ಬಿಳಿ ಮೇಲೆ ಕೆಂಪು ಬಳ್ಳಿ, ಹೂವು, ನವಿಲು ಇರತ್ತಲ್ಲ ಅದು. ಅದನ್ನ ನಿಜವಾಗಿ ಮಾಡೋದು ಸುಣ್ಣದ ಗಾರೆ ಮೇಲೆ ಕೆಂಪು ಕೊಟ್ಟು, ಹಸಿ ಇರೋವಾಗ್ಲೇ ಕೆಂಪನ್ನ ಕೆರೆದು ಅಡಿಯ ಬಿಳಿ ಕಾಣೋ ಹಾಗೆ ಮಾಡೋದು. ಟ್ರೇಲರ್ ಗೋಡೆಗೆ ಸುಣ್ಣದ ಗಾರೆ ಮೆತ್ತೋಕಾಗಲ್ಲ, ಎಳ್ಕಂಡು ಹೋಗುವಾಗ ಗೋಡೆ ಅಲುಗಾಡತ್ತೆ, ದೇವಿಮನೆ ಘಾಟಿ ಹತ್ತೋದ್ರೊಳಗೆ ಉದುರಿ ನೆಲದ ಮೇಲಿರತ್ತೆ. ಆದ್ರೆ ಎರಡೇ ಬಣ್ಣ ಅನ್ನೋ ಲೆಕ್ಕ ಮಾತ್ರ ತಗಳಿ, ಗೋಡೆಗೆ ಸುಣ್ಣದ ಬಿಳಿ, ಒಂದು ಪಟ್ಟಿ ಮಾತ್ರ ಕಾವಿ ಕೆಂಪು, ಸ್ಟೆನ್ಸಿಲ್ ಕತ್ತರಿಸಿ ಸ್ಪಂಜಲ್ಲಿ ಒತ್ತಿದ್ರೆ ಆಯ್ತು.

ಇನ್ನೊಂದು ನಮ್ಮ ಕಡೆ ದೀವರ ಸಮುದಾಯದ ಮನೆ ಗೋಡೆಯ ಹಸೆ ಚಿತ್ತಾರ. ಕೆಮ್ಮಣ್ಣು ನೆಲ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಎಲ್ಲ ಗೆರೆ, ಚೌಕ, ತ್ರಿಕೋನ. ಕಪಾಟಿನ ಬಾಗಿಲು ಚೌಕ ಇರೋದ್ರಿಂದ ಅಲ್ಲಿ ಭಾರಿ ಚೆನ್ನಾಗಿ ಕೂರತ್ತೆ. ಬರೀ ಒಂದು ಬಾಗಿಲಿಗೆ ಮಾಡಿ, ಎಲ್ಲ ಬಾಗಿಲಿಗೂ ಮಾಡಿದ್ರೆ ಆ ಸಣ್ಣ ಜಾಗದಲ್ಲಿ ಕಣ್ಣಿಗೆ ಹೊಡಿಯತ್ತೆ. ಅಸಲಿ ಅಕ್ಕಿ ಹಿಟ್ಟು ಟ್ರೇಲರಿಗೆ ಬೇಡ, ಇರುವೆ ಬರತ್ತೆ, ನಿಮ್ಮ ಕಡೆ ತೇವಕ್ಕೆ ಮತ್ತೆ ಬೂಸ್ಟು ಹಿಡಿಯತ್ತೆ. ಅಕ್ರಿಲಿಕ್ ಬಿಳಿ ತಗಳಿ. ಬ್ರಶ್ ಮಾತ್ರ ಪುಂಡಿ ನಾರಿಂದೇ ಮಾಡ್ಕೊಳ್ಳಿ, ನಾರು ಉದ್ದಕ್ಕೆ ಬಿಟ್ಟು ಮಲಗಿಸಿ ಎಳೆದ್ರೆ ಅಂಗಡಿ ಬ್ರಶ್ಶಿಗಿಂತ ಗೆರೆ ನೆಟ್ಟಗೆ ಬರತ್ತೆ. ಒಣಗಿದ ಮೇಲೆ ಹೊಳಪಿಲ್ಲದ ವಾಟರ್ ಬೇಸ್ ವಾರ್ನಿಶ್ ಒಂದು ಕೈ. ಹೊಳಪಿರೋದು ಹೊಡೆದ್ರೆ ಮಣ್ಣಿನ ಬಣ್ಣದ ಗತ್ತೇ ಹೋಗತ್ತೆ, ಇದು ನನ್ನ ಹಠ ಅಂದ್ಕೊಳ್ಳಿ.

ಗೋಡೆಗೆ ಚಾಪೆ ಹೊಡಿಯೋದು, ಬೆತ್ತದ ತಟ್ಟಿ ಅಂಟಿಸೋದು ನೋಡೋಕೆ ಚಂದ, ಆದ್ರೆ ಹಿಂದೆ ಗಾಳಿ ಆಡಲ್ಲ. ಬೇಡ.

ಕಾಳಿದಂಡೆ:
ಅಬ್ಬಾ ಎಷ್ಟೊಂದು ಬರೆದಿದೀರಿ ಎಲ್ರೂ, ಥ್ಯಾಂಕ್ಸ್. ನಿನ್ನೆ ಮಳೆಲೇ ಟಾರ್ಚ್ ಹಿಡ್ಕಂಡು ಕೂತಿದ್ದೆ, ಮಕ್ಕಳಿಗೆ ಅದೇ ಒಂದು ಪಿಕ್ನಿಕ್ ಆಯ್ತು. ಹಿಂದಿನ ಕಿಟಕಿಯ ಎಡ ಮೂಲೆಯಿಂದ ನೀರು ಇಳೀತಾ ಇದೆ, ಅದರ ಕೆಳಗೆ ಒತ್ತಿದ್ರೆ ಬೆರಳು ಒಳಗೆ ಹೋಗೋ ಹಾಗಿದೆ, ಸುಮಾರು ಎರಡು ಅಡಿ ಅಗಲ. ಉಳಿದ ಕಡೆ ಟಕ್ ಟಕ್ ಅನ್ನತ್ತೆ. ಆ ಒಂದು ಜಾಗ ಮಾತ್ರ ಕತ್ತರಿಸಿ ತೆಗಿಬಹುದಾ ಇಲ್ಲ ಗೋಡೆ ಪೂರ್ತಿ ತೆಗಿಬೇಕಾ? ಪ್ಲೈ ದಪ್ಪ ಎಷ್ಟು ತರೋದು? ಮತ್ತೆ ಬಣ್ಣಕ್ಕೆ ಯಾವ ತಿಂಗಳು ಒಳ್ಳೇದು? ಬಣ್ಣ ಕಾವಿ ಅಂತ ತೀರ್ಮಾನ ಆಯ್ತು. ನಮ್ಮನೆಯವ್ರಿಗೆ ನೀಲಿ ಬೇಕಿತ್ತಂತೆ, ಅವ್ರು ಹೊರಗೆ ಹೊಡ್ಕೊಳ್ಳಲಿ ಅಂದೆ.

ಬೈತಖೋಲ_ಬೋಟು:
ಹೊರಗೆ ಬಣ್ಣ ಬದಲಿಸೋದಾದ್ರೆ ಆರ್‌ಸಿಲಿ ಬಣ್ಣ ಏನಂತ ಇದೆ ನೋಡಿ, ಬದಲಿಸೋ ಮೊದ್ಲು ಆರ್‌ಟಿಒದಲ್ಲಿ ಒಂದು ಮಾತು ಕೇಳಿ. ಒಳಗೆ ಕೆಂಪಾದ್ರೂ ಹೊಡೀರಿ ಕಪ್ಪಾದ್ರೂ ಹೊಡೀರಿ.

ತಿಂಗಳು ಅಂದ್ರೆ ದೀಪಾವಳಿ ಕಳೆದ ಮೇಲೆ, ಒಣ ಗಾಳಿ ಶುರು ಆದಾಗ. ಮಳೆ ನಿಂತ ಕೂಡ್ಲೆ ಬೇಡ, ಗಾಳೀಲಿ ನೀರಿರತ್ತೆ, ಮರದಲ್ಲೂ ಇರತ್ತೆ. ಬೆಳಿಗ್ಗೆ ಇಬ್ಬನಿ ಹನಿ ಶೀಟಿನ ಮೇಲೆ ಇದ್ರೆ ಬ್ರಶ್ ಮುಟ್ಬೇಡಿ. ಗಾಳಿಯ ತೇವಾಂಶ ತೋರಿಸೋ ಸಣ್ಣ ಮೀಟರ್ ಸಿಗತ್ತೆ, ಶೇಕಡಾ 85ರ ಮೇಲೆ ತೋರಿಸಿದ್ರೆ ಆ ದಿನ ರಜೆ. ಬಿಸಿಲಿಗೆ ತಂದು ನಿಲ್ಲಿಸಿಯೂ ಹೊಡೀಬೇಡಿ, ಅಲ್ಯುಮಿನಿಯಂ ಕಾದು ಬ್ರಶ್ ಎಳಿಯೋ ಮುಂಚೆ ಪೇಂಟ್ ಒಣಗಿ ಗೆರೆ ಗೆರೆ ಆಗತ್ತೆ. ಹಲಸಿನ ಮರದ ನೆರಳು ಬೆಸ್ಟು, ಎಲೆ ಉದುರೋದು ನೋಡ್ಕೊಳ್ಳಿ.

ಶಿರಸಿ_ಮರಗೆಲಸ:
ಎರಡು ಅಡಿಗೆ ಗೋಡೆ ಪೂರ್ತಿ ತೆಗಿಯೋದು ಬೇಡ. ಕೊಳೆತ ಜಾಗದ ಎರಡೂ ಬದಿ ಗಟ್ಟಿ ಮರದ ಪಟ್ಟಿ ಎಲ್ಲಿದೆ ಅಂತ ಸ್ಕ್ರೂ ಸಾಲು ನೋಡಿ ಹುಡುಕಿ, ಆ ಪಟ್ಟಿಯ ನಡು ಮೇಲೆ ಕತ್ತರಿಸಿ, ಹೊಸ ತುಂಡಿಗೂ ಹಳೇದಕ್ಕೂ ಕೂರೋಕೆ ಅರ್ಧರ್ಧ ಜಾಗ ಸಿಗತ್ತೆ. ಬ್ಲೇಡ್ ಆಳ ಪ್ಲೈ ದಪ್ಪಕ್ಕೆ ಮಾತ್ರ ಇಟ್ಕೊಳ್ಳಿ, ಹಿಂದೆ ವೈರ್ ಹೋಗಿರಬಹುದು. ಬ್ಯಾಟರಿ ಕನೆಕ್ಷನ್ ತೆಗೆದೇ ಕೆಲಸ ಮಾಡಿ. ತೆಗೆದ ಮೇಲೆ ಒಳಗಿನ ಪಟ್ಟಿಗೆ ಮೊಳೆ ಚುಚ್ಚಿ ನೋಡಿ, ಮೆತ್ತಗಿದ್ರೆ ಅದನ್ನೂ ಬದಲಿಸ್ಬೇಕು, ಪೂರ್ತಿ ಒಣಗೋವರೆಗೂ ಮುಚ್ಬೇಡಿ.

ಪ್ಲೈ 4 ಎಂಎಂ ಸಾಕು, ಬಿಡಬ್ಲ್ಯೂಪಿ (ಕುದಿಯೋ ನೀರಿಗೂ ಬಿಡದ ದರ್ಜೆ), ಐಎಸ್ 710 ಅಂದ್ರೆ ಮರೈನ್ ಪ್ಲೈ ಸೀಲ್ ಇರೋದು. ದಪ್ಪ ಇದ್ರೆ ಗಟ್ಟಿ ಅಂತ 12 ಎಂಎಂ ತರ್ಬೇಡಿ, 8ಕ್ಕೆ 4ರ ಹಾಳೆ 4 ಎಂಎಂಗೆ 8 ಕೆಜಿ ಆಸುಪಾಸು ಇದ್ರೆ 12 ಎಂಎಂಗೆ ಮೂರು ಪಟ್ಟು. ಅದೂ ಹಿಂಭಾಗದಲ್ಲಿ ತೂಕ ಹೆಚ್ಚಾದ್ರೆ ಮುಂದೆ ಕೊಂಡಿ ಹಗುರಾಗಿ ಹೈವೇಲಿ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡತ್ತೆ. ಹೊಸ ತುಂಡಿನ ಹಿಂಬದಿಗೂ ನಾಲ್ಕು ಅಂಚಿಗೂ ಪ್ರೈಮರ್ ಹೊಡೆದೇ ಕೂರಿಸಿ, ನೀರು ಕುಡಿಯೋದು ಅಂಚಿಂದ್ಲೇ. ಸಂದಿಗೆ ಗೋಡೆ ಪುಟ್ಟಿ ಹಾಕಿದ್ರೆ ಅಲುಗಾಟಕ್ಕೆ ಬಿರುಕು ಬಿಡತ್ತೆ, ಪೇಂಟ್ ಹಿಡಿಯೋ ಅಕ್ರಿಲಿಕ್ ಸೀಲಂಟ್ ತುಂಬಿ ಬೆರಳಲ್ಲಿ ಒರೆಸಿ, ಇಲ್ಲ ಅಂದ್ರೆ ಒಂದು ಇಂಚಿನ ಮರದ ಪಟ್ಟಿ ಮೇಲಿಂದ ಹೊಡೀರಿ, ಅದಕ್ಕೂ ಕಾವಿ ಬಣ್ಣ ಕೊಟ್ರೆ ಬೇಕು ಅಂತಲೇ ಮಾಡಿದ ಹಾಗೆ ಕಾಣತ್ತೆ.

ವಾಟರ್ ಬೇಸ್ ಹೊಡೆದ ಮೇಲೆ ಕಪಾಟಿನ ಬಾಗಿಲು ಒಂದೆರಡು ವಾರ ಹಾಕ್ಬೇಡಿ, ಮುಟ್ಟಿದ್ರೆ ಒಣಗಿದೆ ಅನ್ಸತ್ತೆ ಆದ್ರೆ ಬಾಗಿಲೂ ಚೌಕಟ್ಟೂ ಒಂದಕ್ಕೊಂದು ಅಂಟ್ಕೊಂಡು ತೆಗಿಯೋವಾಗ ಬಣ್ಣ ಕಿತ್ತು ಬರತ್ತೆ. ಆ ಹಿಂದಿನ ಕಿಟಕಿದು ಒಂದು ಫೋಟೋ ಹಾಕಿ, ಸ್ಕ್ರೂ ತಲೆ ಕಾಣೋ ಹಾಗೆ ಹತ್ರದಿಂದ, ಪಟ್ಟಿ ಎಲ್ಲಿದೆ ಅಂತ ಗುರುತು ಮಾಡಿ ಕೊಡ್ತೀನಿ.